ಮುದಗಲ್ ರಸ್ತೆಯಲ್ಲಿ ಒಂದು ದಿನದ ಬಿಎಂಡಬ್ಲ್ಯು

"ಎಷ್ಟು ಕೊಡ್ತೈತಿ?"

ಆ ದಿನ ನನ್ನನ್ನು ಎಲ್ಲರೂ ಕೇಳಿದ ಪ್ರಶ್ನೆ ಇದೊಂದೇ. ಲಿಂಗಸುಗೂರಿನ ಪೆಟ್ರೋಲ್ ಬಂಕಿನ ಹುಡುಗ ಕೇಳಿದ. ಮಸ್ಕಿಯಲ್ಲಿ ಚಹಾ ಕೊಟ್ಟ ಕಾಕಾ ಕೇಳಿದರು. ಸಿಂಧನೂರಿನಲ್ಲಿ ಗಾಡಿ ನಿಲ್ಲಿಸಿದಾಗ ಸೆಲ್ಫಿ ತಗೊಂಡವರು, ತಗೊಂಡು ಮುಗಿಸಿ ಕೇಳಿದರು. "ಹತ್ತು" ಅಂದಾಗ ಎಲ್ಲರ ಮುಖದ ಮೇಲೂ ಒಂದೇ ಥರದ ಕನಿಕರ. ಅಷ್ಟು ಹೊತ್ತು ಕಾರಿನ ಮೇಲಿದ್ದ ಗೌರವವೆಲ್ಲ ಒಂದೇ ಸಲಕ್ಕೆ ಇಳಿದುಹೋಗೋದು ಕಣ್ಣಿಗೆ ಕಾಣ್ತಿತ್ತು.

ಕಾರು ನನ್ನದಲ್ಲ. ಇನ್ನೂ ಅಣ್ಣನದೂ ಅಲ್ಲ. ದೊಡ್ಡಪ್ಪನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನ ಆಫೀಸಿನ ಹಿರಿಯರೊಬ್ಬರು ತಮ್ಮ ಬಿಎಂಡಬ್ಲ್ಯು 330ಐ ಮಾರಬೇಕು ಅಂತಿದ್ದರು. "ಊರಿಗೆ ಹೋಗ್ತಿದೀಯಲ್ಲ, ಮೂರು ದಿನ ಓಡಿಸಿ ನೋಡು" ಅಂತ ಕೀಲಿ ಕೊಟ್ಟುಬಿಟ್ಟಿದ್ದಾರೆ. ಇವನು ಅದನ್ನೇ ಹತ್ತಿ ಮೊಹರಂಗೆ ಮುದಗಲ್ಲಿಗೆ ಬಂದ. ನಮ್ಮೂರ ಮೊಹರಂ ಬಗ್ಗೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ, ಆ ಜನಸಂದಣಿಯಲ್ಲಿ ಬೈಕ್ ಕೂಡ ಮುಂದೆ ಹೋಗಲ್ಲ. ಹಬ್ಬ ಮುಗಿದ ಮರುದಿನ ಅಣ್ಣ ಕೀಲಿ ನನ್ನ ಕೈಗೆ ಹಾಕಿದ: "ನೀ ಮೆಕ್ಯಾನಿಕಲ್ ಅದೀಯಲ್ಲ, ಒಂದಿನ ಹೊಡಿ. ತಗೋಬೇಕೋ ಬ್ಯಾಡೋ ನೀನ ಹೇಳು."

ಹಳೇ ಗಾಡಿಯಾದರೂ ಸಾಲ ಮಾಡಿಯೇ ತಗೋಬೇಕು. ದೊಡ್ಡಪ್ಪನಿಗೆ ಇದು ಸುತರಾಂ ಇಷ್ಟ ಇಲ್ಲ. ಅಂದರೆ ಮನೆಯ ಜಗಳವೊಂದನ್ನು ತೀರ್ಮಾನ ಮಾಡೋ ಹೊಣೆ ಐದನೇ ಸೆಮ್‌ನ ನನ್ನ ತಲೆಗೆ ಬಿತ್ತು.

ಮೊದಲು ಕಾರಿನ ಜಾತಕ. 3 ಸೀರೀಸ್ ಅನ್ನೋದು 1975ರಿಂದ ನಡೆದುಬಂದ ವಂಶ. ಐಷಾರಾಮಿ ಸ್ಪೋರ್ಟ್ಸ್ ಸೆಡಾನ್ ಲೋಕದ ಹೊಸ್ತಿಲು ಅಂತ ಇದನ್ನು ಕರೀತಾರೆ. ಹೊಸ್ತಿಲಿನ ಬೆಲೆಯೇ, ಈ ತಲೆಮಾರು 2019ರಲ್ಲಿ ನಮ್ಮ ದೇಶಕ್ಕೆ ಬಂದಾಗ, 330ಐ ಎಂ ಸ್ಪೋರ್ಟ್‌ಗೆ ಎಕ್ಸ್ ಶೋರೂಮ್ 47.90 ಲಕ್ಷ. ಎರಡು ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಪೆಟ್ರೋಲ್, 258 ಹಾರ್ಸ್‌ಪವರ್, 400 ನ್ಯೂಟನ್ ಮೀಟರ್ ಟಾರ್ಕ್, ಎಂಟು ಗೇರಿನ ಆಟೊಮ್ಯಾಟಿಕ್. ಎಂಜಿನ್ ಉದ್ದಕ್ಕೆ ಕೂತಿದೆ, ಶಕ್ತಿ ಹಿಂದಿನ ಚಕ್ರಕ್ಕೆ ಹೋಗುತ್ತೆ, ಭಾರ ಮುಂದೆ-ಹಿಂದೆ ಹೆಚ್ಚುಕಮ್ಮಿ ಸಮ. ಸೊನ್ನೆಯಿಂದ ನೂರಕ್ಕೆ 5.8 ಸೆಕೆಂಡು. ಈ ಕೊನೆಯ ಸಂಖ್ಯೆ ನಮ್ಮ ಹಾಸ್ಟೆಲಿನಲ್ಲಿ ಎಲ್ಲರಿಗೂ ಬಾಯಿಪಾಠ. ಉಳಿದದ್ದನ್ನು ಯಾರೂ ನೋಡಲ್ಲ.

ಬೆಳಗ್ಗೆ ಊರು ಬಿಟ್ಟು ಹತ್ತು ನಿಮಿಷ ಆಗಿರಲಿಲ್ಲ, ಮೊದಲ ಪಾಠ ಸಿಕ್ಕಿತು. ಹಂಪ್. ನಾನು ಕಾಕಾನ ಹಳೇ ಜೀಪಿನಲ್ಲಿ ಡ್ರೈವಿಂಗ್ ಕಲಿತವನು, ಅದರಲ್ಲಿ ಹಂಪ್ ಬಂದರೆ ಸೆಕೆಂಡ್ ಗೇರ್, ಹಾರಿಸು, ಮುಗೀತು. ಇಲ್ಲಿ ಮುಂದಿನ ಚಕ್ರ ಇಳಿದವು, ಹಿಂದಿನವು ಇನ್ನೂ ಹತ್ತಿರಲಿಲ್ಲ, ಹೊಟ್ಟೆಯ ಕೆಳಗೆ ಕರ್‌ರ್ ಅಂತು. ಪಕ್ಕದಲ್ಲಿದ್ದ ಅಣ್ಣ ಕಣ್ಣು ಮುಚ್ಚಿಕೊಂಡ. ಕಟ್ಟೆ ಮೇಲೆ ಕೂತಿದ್ದ ಮುತ್ಯಾ ಒಬ್ಬರು ಎದ್ದು ಬಂದು ಬಗ್ಗಿ ನೋಡಿ, "ಇದರ ಹೊಟ್ಟಿ ನೆಲಕ್ಕ ಹತ್ತೈತಲ್ಲೋ ತಮ್ಮಾ" ಅಂದರು.

ಇಡೀ ದಿನದಲ್ಲಿ ನಾನು ಕೇಳಿದ ಅತ್ಯಂತ ಸರಿಯಾದ ತಾಂತ್ರಿಕ ಅಭಿಪ್ರಾಯ ಅದು. ಲೆಕ್ಕ ಹಾಕಿ ನೋಡಿ. ಹಂಪ್ ಹೇಗಿರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 99 ಹೇಳುತ್ತೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಗಾಡಿಗಳು 25 ಕಿಲೋಮೀಟರ್ ವೇಗದಲ್ಲಿ ದಾಟಲಿ ಅನ್ನೋದು ಅದರ ಉದ್ದೇಶ. ಈ ಕಾರಿನ ಎರಡು ಆಕ್ಸಲ್ ನಡುವಿನ ದೂರ ಸುಮಾರು 2.85 ಮೀಟರ್. ಅಂದರೆ ನಿಯಮದ ಪ್ರಕಾರ ಕಟ್ಟಿದ ಹಂಪ್ ಮೇಲೆ ಎರಡೂ ಆಕ್ಸಲ್ ಒಟ್ಟಿಗೆ ಕೂತುಬಿಡ್ತವೆ. ಆಗ ಕಾರಿನ ಹೊಟ್ಟೆಗೆ ಎದುರಾಗೋ ಉಬ್ಬು ಎಷ್ಟು? ಡಿಪ್ಲೊಮಾ ಹುಡುಗರೂ ಮಾಡೋ ಲೆಕ್ಕ, 2.85ರ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿ. ಬರೋದು 6 ಸೆಂಟಿಮೀಟರ್! ನಾಲ್ಕು ಜನ ಕೂತಾಗ 15 ಸೆಂಟಿಮೀಟರಿಗೂ ಕಮ್ಮಿ ಕ್ಲಿಯರೆನ್ಸ್ ಉಳಿಯೋ ಈ ಕಾರು ಕೂಡ ಅದನ್ನು ಆರಾಮಾಗಿ ದಾಟುತ್ತೆ. ನಮ್ಮ ಕಡೆ ಇರೋದು ಮೊಳದಗಲ, ಗೇಣೆತ್ತರದ ದಿಬ್ಬ. ಆಕ್ಸಲ್‌ಗಳ ನಡುವೆ ಪೂರ್ತಿ ಎತ್ತರ ಹಾಗೇ ನಿಂತಿರುತ್ತೆ. ಬಿಎಂಡಬ್ಲ್ಯು ಹೋಗಲಿ ಬಿಡಿ, ಹೆರಿಗೆಗೆ ಹೊರಟ ಆಂಬುಲೆನ್ಸೂ ಅದೇ ದಿಬ್ಬ ಹತ್ತಿ ಇಳೀಬೇಕು.

(ನಮ್ಮೂರ ಕೋಟೆಯ ಫತೇ ದರವಾಜದಲ್ಲಿ ಇವತ್ತಿಗೂ ಬೈಕಿನವರು ತಾವಾಗೇ ನಿಧಾನ ಮಾಡ್ತಾರೆ. ನುಗ್ಗಿ ಬರೋರ ವೇಗ ತಗ್ಗಿಸೋ ವಿದ್ಯೆ ನಮಗೇನೂ ಹೊಸದಲ್ಲ. ಆ ಕಾಲದವರು ಅದನ್ನು ಯಾರ ಹೊಟ್ಟೆಯನ್ನೂ ಕೆರೆಯದೆ ಮಾಡಿದ್ದರು.)

ಇನ್ನೊಂದು ಲೆಕ್ಕವೂ ತಲೆಯಲ್ಲಿ ಓಡ್ತಿತ್ತು. ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಆಜೀವ ತೆರಿಗೆ ಶೇ. 18, ಅದರ ಮೇಲೆ ಸೆಸ್ಸು. 47.90 ಲಕ್ಷಕ್ಕೆ ಬರೀ ತೆರಿಗೆಯೇ ಎಂಟೂವರೆ ಲಕ್ಷದ ಮೇಲಾಯಿತು. ಶ್ರೀಮಂತರಿಂದ ತಗೊಳ್ಳಲಿ, ತಕರಾರಿಲ್ಲ. ಆದರೆ ಅಷ್ಟು ಕೊಟ್ಟವನಿಗೂ, ಸೈಕಲ್ಲಿನಲ್ಲಿ ಶಾಲೆಗೆ ಹೋಗೋ ಹುಡುಗಿಗೂ ಸಿಗೋದು ಒಂದೇ ರಸ್ತೆ. ಕಾರು ಎಷ್ಟು ದುಡ್ಡಿನದಾದರೂ ರಸ್ತೆ ಮಾತ್ರ ಎಲ್ಲರದೂ ಕೂಡಿ ಒಂದೇ.

ಲಿಂಗಸುಗೂರು ದಾಟಿದ ಮೇಲೆ ರಸ್ತೆ ಸ್ವಲ್ಪ ಬಿಚ್ಚಿಕೊಂಡಿತು. ಮುಂದೆ ಖಾಲಿ ಇದ್ದ ಒಂದು ಕಡೆ ಆಕ್ಸಿಲರೇಟರ್ ಒತ್ತಿದೆ. ಸುಳ್ಳು ಯಾಕೆ ಹೇಳಲಿ, ಬೆನ್ನು ಸೀಟಿಗೆ ಅಂಟಿತು, ಇಬ್ಬರೂ ಹುಚ್ಚರ ಹಾಗೆ ನಕ್ಕೆವು. ಆಮೇಲೆ? ಆಮೇಲೆ ಎದುರಿಗೆ ಕುರಿ ಹಿಂಡು. ಆ ಒತ್ತುವ ಸುಖ ಇಡೀ ದಿನದಲ್ಲಿ ಕೂಡಿಸಿದರೆ ಒಂದು ನಿಮಿಷ ಆಗಿರಲಿಕ್ಕಿಲ್ಲ. ಉಳಿದ ಹೊತ್ತೆಲ್ಲ ನನಗೆ ಹಿಡಿಸಿದ್ದು ಬೇರೆಯೇ: ಸ್ಟೀರಿಂಗ್. ಎರಡು ಬೆರಳಿನಷ್ಟು ತಿರುಗಿಸಿದರೆ ಎರಡು ಬೆರಳಿನಷ್ಟೇ ತಿರುಗುತ್ತೆ, ಜಾಸ್ತಿಯೂ ಇಲ್ಲ, ತಡವೂ ಇಲ್ಲ. ಟೈರಿಗೆ ರಸ್ತೆ ಎಲ್ಲಿ ಒರಟು, ಎಲ್ಲಿ ನುಣುಪು ಅಂತ ಕೈಗೆ ಗೊತ್ತಾಗುತ್ತೆ. ಮೆಷಿನ್ ಡಿಸೈನ್ ಕ್ಲಾಸಿನಲ್ಲಿ ಟಾಲರೆನ್ಸ್ ಅಂತ ಬೋರ್ಡಿನ ಮೇಲೆ ಬರೆದಾಗ ನಿದ್ದೆ ಬರ್ತಿತ್ತು. ಅದು ಅಂಗೈಯಲ್ಲಿ ಹೀಗಿರುತ್ತೆ ಅಂತ ಯಾರಾದರೂ ಹೇಳಬಾರದಿತ್ತೇ?

ಮಸ್ಕಿಯಲ್ಲಿ ಚಹಾಕ್ಕೆ ನಿಂತೆವು. ಅಶೋಕನ ಹೆಸರು ಹೇಳುವ ಶಾಸನ ಇರೋ ಊರು. 1915ರಲ್ಲಿ ಅದನ್ನು ಕಂಡವನು ಚಿನ್ನ ಹುಡುಕ್ತಿದ್ದ ಎಂಜಿನಿಯರ್ ಬೀಡನ್, ಅಂದರೆ ನಮ್ಮವನೇ ಅನ್ನಿ. ಅಶೋಕ ಸಾಲುಮರ ನೆಡಿಸಿದ ಅಂತ ಪ್ರೈಮರಿಯಲ್ಲಿ ಓದಿದ್ದೇವೆ. ಕಾರನ್ನು ನೆರಳಿಗೆ ನಿಲ್ಲಿಸಲು ಒಂದು ಮರ ಹುಡುಕುವಷ್ಟರಲ್ಲಿ ಚಹಾ ಆರಿತ್ತು.

ಅಲ್ಲಿಂದ ಸಿಂಧನೂರಿಗೆ ಕಾಲುವೆ ನೀರಿನ ನಾಡು, ಭತ್ತ, ಟ್ರ್ಯಾಕ್ಟರು. ಡಾಂಬರಿನ ಮೇಲೆ ಅಲ್ಲಲ್ಲಿ ಕೇಜ್‌ವೀಲ್ ಕೆತ್ತಿದ ಗುರುತು. ಕೆಸರು ಗದ್ದೆಗೆ ಮಾಡಿದ ಕಬ್ಬಿಣದ ಚಕ್ರವನ್ನು ಬಿಚ್ಚದೆ ರಸ್ತೆಗೆ ತಂದರೆ ಹಾಗೇ ಆಗೋದು. ಸಣ್ಣ ಸೈಡ್‌ವಾಲ್‌ನ ಟೈರು ಅಂಥ ಪ್ರತಿಯೊಂದು ಗೀರನ್ನೂ ಬೆನ್ನುಮೂಳೆಗೆ ವರದಿ ಒಪ್ಪಿಸ್ತು.

ಹೇಳಬೇಕಾದ ವಿಷಯ ನಡೆದದ್ದು ವಾಪಸ್ ಬರುವಾಗ. ಸಿಂಧನೂರಿನಲ್ಲಿ ಊಟ, ಗೆಳೆಯರು ಅಂತ ಹೊತ್ತಾಯಿತು. ಮಸ್ಕಿ ಬಿಟ್ಟಾಗ ಕತ್ತಲು. ಎದುರಿನಿಂದ ಲಾರಿ ಬರ್ತಿದ್ದರಿಂದ ಡಿಮ್‌ನಲ್ಲಿದ್ದೆ. ಸ್ಪೀಡು? 90. ಇಂಥ ರಸ್ತೆಯಲ್ಲಿ ಕಾರಿಗೆ ಮಿತಿ 70 ಅಂತ ಗೊತ್ತಿತ್ತು. ಆದರೆ ಈ ಕಾರಿನಲ್ಲಿ 90 ಅಂದರೆ ಜೀಪಿನ 50ರ ಹಾಗೆ, ಸದ್ದಿಲ್ಲ, ನಡುಕವಿಲ್ಲ, ಅಲ್ಲೇ ಮೋಸ ಹೋಗೋದು. ಲಾರಿ ದಾಟಿತು, ಅದರ ಬೆಳಕು ಕಣ್ಣಿನಿಂದ ಇಳಿಯುವ ಮೊದಲೇ ನನ್ನ ಮುಂದೆ ಒಂದು ಕಪ್ಪು ಗೋಡೆ. ಟ್ರ್ಯಾಕ್ಟರ್ ಟ್ರೇಲರ್. ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ, ಮಣ್ಣಿನ ಬಣ್ಣದ ಹಲಗೆ.

ಬ್ರೇಕ್ ಒತ್ತಿದೆ ಅಂತ ಹೇಳಲಾರೆ, ಕಾಲು ತಾನೇ ಹೋಗಿತ್ತು. ಪೆಡಲ್ ಅಂಗಾಲಿನ ಕೆಳಗೆ ಗುದ್ದಿ ಗುದ್ದಿ ನಡುಗಿತು. ಕಾರು ಒಂದು ಕಡೆಗೂ ಎಳೆಯದೆ ನೇರ ನಿಂತಿತು. ನಡುವೆ ಉಳಿದಿದ್ದು ಒಂದು ಎತ್ತಿನ ಉದ್ದ. ಅಣ್ಣ ಮಾತಾಡಲಿಲ್ಲ. ಮುಂದಿನವರಿಗೆ ಏನೂ ಗೊತ್ತೇ ಆಗಿಲ್ಲ, ನಿಧಾನಕ್ಕೆ ಹೋಗ್ತಾನೇ ಇದ್ದರು. ಸ್ವಲ್ಪ ಮುಂದೆ ಅವರನ್ನು ನಿಲ್ಲಿಸಿ ಹೇಳೋಣ ಅಂತ ಇಳಿದರೆ, ಯಜಮಾನರು ನಮ್ಮ ಕಾರು ನೋಡಿ ನಕ್ಕು, "ಹೊಸಾದೇನೋ? ಎಷ್ಟು ಕೊಡ್ತೈತಿ?" ಅಂದರು.

ರಾತ್ರಿ ನಿದ್ದೆ ಬರಲಿಲ್ಲ, ಲೆಕ್ಕ ಮಾಡಿದೆ. ಜನ ಸೇರಿ ಕಾರಿನ ತೂಕ 1600 ಕೆಜಿ ಅಂದ್ಕೊಳ್ಳಿ. ಗಂಟೆಗೆ 100ರಲ್ಲಿ ಅದರ ಚಲನಶಕ್ತಿ ಸುಮಾರು 617 ಕಿಲೋಜೂಲ್. ಎಂಜಿನ್ ಅದನ್ನು 5.8 ಸೆಕೆಂಡಿನಲ್ಲಿ ತುಂಬಿದರೆ ಸರಾಸರಿ 106 ಕಿಲೋವ್ಯಾಟ್. ಒಳ್ಳೆ ಟೈರು, ಒಣ ರಸ್ತೆ, ಒಂದು ಜಿ ಹಿಡಿತ ಅಂತ ಹಿಡಿದರೆ ಬ್ರೇಕ್ ಅಷ್ಟನ್ನೂ 2.8 ಸೆಕೆಂಡಿನಲ್ಲಿ ಖಾಲಿ ಮಾಡುತ್ತೆ: 220 ಕಿಲೋವ್ಯಾಟ್ ಹತ್ತಿರ. ಎಂಜಿನ್ನಿನ ಗರಿಷ್ಠ ಶಕ್ತಿಯೇ 190. ಕಾರಿನಲ್ಲಿ ಅತ್ಯಂತ ಬಲವಾದ ಯಂತ್ರ ಎಂಜಿನ್ ಅಲ್ಲ, ಬ್ರೇಕು. ಅದರ ಬಗ್ಗೆ ಒಂದು ರೀಲ್ಸ್ ನೋಡಿದ್ದೀರಾ?

ಈಗ ದೂರದ ಲೆಕ್ಕ. ಕಣ್ಣು ನೋಡಿ, ಕಾಲು ಹೋಗೋಕೆ ಒಂದೂವರೆ ಸೆಕೆಂಡ್ ಕೊಡಿ. 100ರಲ್ಲಿ ನಿಲ್ಲಲು ಒಟ್ಟು 81 ಮೀಟರ್ ಬೇಕು. 90ರಲ್ಲಿ 69. 70ರಲ್ಲಿ 48. ಡಿಮ್ ದೀಪದಲ್ಲಿ ದೀಪವಿಲ್ಲದ ವಸ್ತು ಕಾಣೋದು ಹೆಚ್ಚೆಂದರೆ 50-60 ಮೀಟರ್. ಅಂದರೆ 70 ಅನ್ನೋದು ಯಾರೋ ಅಧಿಕಾರಿ ಮನಸ್ಸಿಗೆ ಬಂದಂತೆ ಬರೆದ ಸಂಖ್ಯೆಯಲ್ಲ ಅನ್ನಿಸ್ತು. ನನ್ನ 69 ಮೀಟರು ಆ ರಾತ್ರಿ 60ರೊಳಗೆ ಮುಗಿದದ್ದು ಕಾಲು ಲೆಕ್ಕಕ್ಕಿಂತ ಅರ್ಧ ಸೆಕೆಂಡ್ ಬೇಗ ಹೋಗಿದ್ದರಿಂದ, ಆ ಬ್ರೇಕಿನಿಂದ. ಕಾಕಾನ ಜೀಪಿನಲ್ಲಿ ಎಬಿಎಸ್ ಇಲ್ಲ. ಆ ಸಾಲನ್ನು ಮುಂದುವರಿಸಲ್ಲ. ಹೈಸ್ಕೂಲಿನಲ್ಲಿ ನನ್ನ ಬೆಂಚಿನಲ್ಲಿ ಕೂರ್ತಿದ್ದವನೊಬ್ಬ ಇಂಥದ್ದೇ ಟ್ರೇಲರ್ ಹಿಂದೆ ಬೈಕಿನಲ್ಲಿ ಹೋದ. ಅವನ ಬೈಕೂ ಸಣ್ಣದು, ಸ್ಪೀಡೂ ಕಮ್ಮಿ ಇತ್ತಂತೆ.

ಐಷಾರಾಮಿ ಕಾರು ಅಂದರೆ ದುಡ್ಡಿನ ಸೊಕ್ಕು ಅಂತ ನಮ್ಮಲ್ಲಿ ಕೆಲವರು ಮೂಗು ಮುರೀತಾರೆ. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ಎಲೆಕ್ಟ್ರಾನಿಕ್ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಎಸ್ ಕ್ಲಾಸಿನಂಥ ಕಾರಿನಲ್ಲಿ ಬಂತು. 2019ರಿಂದ ನಮ್ಮ ದೇಶದಲ್ಲಿ ಮಾರೋ ಎಲ್ಲ ಹೊಸ ಕಾರಿಗೂ ಅದು ಕಡ್ಡಾಯ. ಶ್ರೀಮಂತರು ದುಡ್ಡು ಕೊಟ್ಟು ಪ್ರಯೋಗಕ್ಕೆ ಕೂತರು, ಫಲ ಆಲ್ಟೊ ಕೊಂಡವರಿಗೂ ಸಿಕ್ಕಿತು. ಆದರೆ ಮೇಲಿನಿಂದ ಕೆಳಗೆ ಇಳಿಯೋಕೆ ನಲವತ್ತು ವರ್ಷ. ಟ್ರೇಲರ್ ಹಿಂದೆ ಹಚ್ಚೋ ಕೆಂಪು ರಿಫ್ಲೆಕ್ಟರ್ ಪಟ್ಟಿಗೆ ಜರ್ಮನಿಯಿಂದ ಏನೂ ಬರಬೇಕಿಲ್ಲ. ನಿಯಮ ಇದೆ, ಪಟ್ಟಿ ಆಟೊಮೊಬೈಲ್ ಅಂಗಡಿಯಲ್ಲಿ ಸಿಗುತ್ತೆ, ಬೆಲೆ ಒಂದು ಪ್ಲೇಟ್ ಬಿರಿಯಾನಿಯಷ್ಟು. ನಮ್ಮ ಟೆಕ್ ಫೆಸ್ಟಿನಲ್ಲಿ ಪ್ರತಿ ವರ್ಷ ಸೂಪರ್‌ಕಾರ್ ತರಿಸಿ ಫೋಟೋ ತೆಗೆಸಿಕೊಳ್ತೀವಲ್ಲ, ಈ ಸಲ ಒಂದು ದಿನ ಎಪಿಎಂಸಿ ಗೇಟಿನಲ್ಲಿ ನಿಂತು ಟ್ರೇಲರ್‌ಗಳಿಗೆ ಪಟ್ಟಿ ಅಂಟಿಸೋಣ. ಸಿವಿಲ್‌ನವರು ಟೇಪು ಹಿಡಿದು ಕಾಲೇಜಿನ ಮುಂದಿನ ಹಂಪ್ ಅಳೆಯಲಿ, ಐಆರ್‌ಸಿ 99ರ ಪಕ್ಕ ಇಟ್ಟು ಪಂಚಾಯಿತಿಗೆ ಬರೆಯಲಿ. ಹೆಸರು ಕೊಡೋರು ಕ್ಲಬ್ ರೂಮಿಗೆ ಬನ್ನಿ, ನಾನಂತೂ ಬರೆಸಿದ್ದೀನಿ.

ಅಣ್ಣನಿಗೆ ಮರುದಿನ ನನ್ನ ವರದಿ ಒಪ್ಪಿಸಿದೆ: ಕಾರು ಅಪ್ಪಟ, ಆದರೆ ನಿನಗೆ ಬ್ಯಾಡ. ಇಎಂಐ ಒಂದು ಕಡೆ, ಊರಿನ ರಸ್ತೆ ಒಂದು ಕಡೆ. ಬೇಕಾದರೆ ಅದರ ಮೂರನೇ ಒಂದು ಪಾಲಿಗೆ ಒಳ್ಳೆ ಬ್ರೇಕಿನ, ಎತ್ತರದ ಗಾಡಿ ತಗೋ. ಅವನು ತಲೆಯಾಡಿಸಿದ. ದೊಡ್ಡಪ್ಪ ನನಗೆ ಐದುನೂರು ರೂಪಾಯಿ ಕೊಟ್ಟರು.

ಹೋದ ವಾರ ಫೋನ್ ಬಂತು. ತಗೊಂಡಿದ್ದಾನೆ. ದೀಪಾವಳಿಗೆ ಅದರಲ್ಲೇ ಬರ್ತಾನಂತೆ. ಇಳಕಲ್ ದಾಟೋದು ಹಗಲಿರುವಾಗಲೇ ಆಗಬೇಕು ಅಂತ ಹೇಳಿದ್ದೀನಿ, "ಆತು ಬಿಡೋ" ಅಂದಿದ್ದಾನೆ.