ನಕಾಶೆ ಕಂಡ ದಾರಿ, ನಕಾಶೆ ಕಾಣದ ಕೇರಿ



ಪೋಸ್ಟ್ ಸ್ವಲ್ಪ ಉದ್ದ ಇದೆ. ಈಗ ಟೈಮ್ ಇಲ್ಲದವರು ಸೇವ್ ಮಾಡಿಟ್ಕೊಳ್ಳಿ, ಆದ್ರೆ ಓದಿ.

ಹೋದ ತಿಂಗಳು ನಮ್ಮ ದೊಡ್ಡಪ್ಪ ತೀರಿಕೊಂಡರು. ಹೆಣ ಹೊತ್ತು ಹೊರಟರೆ ಸ್ಮಶಾನದ ದಾರಿಗೆ ಮುಳ್ಳುತಂತಿ. ಮೂರು ತಲೆಮಾರು ನಡೆದ ದಾರಿ ಅದು. ಜಮೀನಿನ ಯಜಮಾನ ತಂತಿಯಾಚೆ ನಿಂತು "ದಾರಿ ಇದ್ರೆ ನಕ್ಷೇಲಿ ತೋರ್ಸಿ" ಅಂದ. ಹೆಣ ಕೆಳಗಿಳಿಸಿ ಎರಡು ಗಂಟೆ ಕಾದೆವು. ಕೊನೆಗೆ ಪೊಲೀಸರು ಬಂದು "ಇವತ್ತೊಂದಿನ ಬಿಟ್ಬಿಡಿ ಯಜಮಾನ್ರೇ" ಅಂತ ಅವನನ್ನು ಬೇಡಿಕೊಂಡ ಮೇಲೆ ಮಣ್ಣು ಮಾಡಿದೆವು. ಬೇಡಿಕೊಂಡರು, ಗಮನಿಸಿ. ವಾರ ಬಿಟ್ಟು ಅರ್ಜಿ ಹಿಡಿದು ಕಚೇರಿಗೆ ಹೋದೆ. ಅಲ್ಲಿದ್ದವರು ಹಳ್ಳಿ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಬೆರಳಲ್ಲಿ ಒಂದು ಸುತ್ತು ಹೊಡೆದು, "ನಕಾಶೆ ಕಂಡ ದಾರಿ ಇಲ್ಲ ಕಣ್ರೀ, ನಾವೇನ್ ಮಾಡೋಕಾಗುತ್ತೆ?" ಅಂದ್ರು.

ನಕಾಶೆ ಕಂಡ ದಾರಿ! ಎಂಥಾ ಮಾತು ನೋಡಿ. ಜನ ಕಂಡಿದ್ದು, ಕಾಲು ಕಂಡಿದ್ದು ಲೆಕ್ಕಕ್ಕಿಲ್ಲ. ನಕಾಶೆಯ ಕಣ್ಣಿಗೆ ಬಿದ್ದದ್ದು ಮಾತ್ರ ದಾರಿ. ಸರಿ, ಆ ಕಣ್ಣನ್ನ ಅದಕ್ಕೆ ಇಟ್ಟವರು ಯಾರು?

ಅವತ್ತಿಂದ ನಕ್ಷೆ ಓದೋದು ಕಲಿಯೋಕೆ ಕೂತಿದ್ದೀನಿ. ಸ್ಕೂಲಲ್ಲಿ ಭಾರತದ ನಕ್ಷೇಲಿ ಗಂಗಾ ನದಿ ಗುರುತಿಸಿ ಮಾರ್ಕ್ಸ್ ತಗೊಂಡಿದ್ದೆ. ನಮ್ಮೂರ ನಕ್ಷೆಯನ್ನ ಯಾವ ಮೇಷ್ಟ್ರೂ ತೋರಿಸಿರಲಿಲ್ಲ.

ಮೊದಲು ಸ್ಕೇಲು, ಅಂದ್ರೆ ಪ್ರಮಾಣ. ನಮ್ಮ ಹಳ್ಳಿ ನಕ್ಷೆಯ ಮೂಲೇಲಿ 1:7920 ಅಂತ ಇದೆ. ನೆಲದ 7920 ಇಂಚು ಕಾಗದದಲ್ಲಿ ಒಂದೇ ಇಂಚು. ಅಂದ್ರೆ 660 ಅಡಿ. ಸರ್ವೆಯವರ 33 ಅಡಿ ಸರಪಳಿ ಲೆಕ್ಕದಲ್ಲಿ 20 ಸರಪಳಿ. (ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಇದ್ರೆ ಅದೇ ಒಂದು ಗುಂಟೆ. ನಮ್ಮ ಹುಡುಗರಿಗೆ ಇದನ್ನ ಕಲಿಸಿ, ಎಲ್ಲೂ ಹೇಳ್ಕೊಡಲ್ಲ.) ನಾಲ್ಕು ಜನ ಹೆಣ ಹೊತ್ತು ನಡೆಯೋ ದಾರಿ ಎಂಟಡಿ ಅಂತಿಟ್ಕೊಳ್ಳಿ. ಆ ಕಾಗದದಲ್ಲಿ ಅದು ಇಂಚನ್ನ ಎಂಬತ್ತು ಪಾಲು ಮಾಡಿದ್ರೆ ಒಂದು ಪಾಲು. ಕೂದಲೆಳೆ ಗೆರೆ. ಪ್ರಮಾಣಕ್ಕೆ ಸರಿಯಾಗಿ ಬರೆಯೋಕೆ ಆಗೋದೇ ಇಲ್ಲ.

ಹಾಗಂತ ದಾರಿಗಳನ್ನೆಲ್ಲ ಬಿಡ್ತಾರಾ? ಇಲ್ಲ. ಅದಕ್ಕೇ ಸಂಕೇತ ಅಂತ ಇರೋದು. ಬಂಡಿದಾರಿಗೆ ಜೋಡಿ ತುಂಡುಗೆರೆ, ಕಾಲುದಾರಿಗೆ ಒಂಟಿ ತುಂಡುಗೆರೆ. ಯಾವುದನ್ನ ಅಳತೆ ಮೀರಿಯಾದ್ರೂ ಎದ್ದು ಕಾಣೋಹಾಗೆ ಬರೀಬೇಕು, ಯಾವುದನ್ನ ಕೈಬಿಡಬೇಕು ಅಂತ ನಕ್ಷೆ ಮಾಡೋರು ತೀರ್ಮಾನ ಮಾಡ್ತಾರೆ. ನಕ್ಷೆ ವಿದ್ಯೆಯಲ್ಲಿ ಇದಕ್ಕೆ ಜನರಲೈಸೇಶನ್ ಅಂತ ಹೆಸರು. ನಮ್ಮ ಯಜಮಾನರ ತೋಟಕ್ಕೆ ಹೋಗೋ ಬಂಡಿದಾರಿ ಅದೇ ನಕ್ಷೇಲಿ ಜೋಡಿ ಗೆರೆಯಾಗಿ ನೆಟ್ಟಗೆ ಮಲಗಿದೆ. ನಮ್ಮ ಹೆಣದ ದಾರಿ ಜನರಲೈಸ್ ಆಗಿಹೋಗಿದೆ.

ಇನ್ನು ಕೇರಿ. ಹಳ್ಳಿ ನಕ್ಷೆ ಹುಟ್ಟಿದ್ದೇ ಕಂದಾಯ ವಸೂಲಿಗೆ. ಕಂದಾಯ ಕಟ್ಟೋ ಹೊಲಕ್ಕೆ ಸರ್ವೆ ನಂಬರು, ಟಿಪ್ಪಣಿ, ಆಕಾರ್‌ಬಂದ್. ಊರು ಕೂತಿರೋ ಜಾಗಕ್ಕೆ ಗ್ರಾಮಠಾಣ ಅಂತ ಒಂದು ಗೆರೆ ಸುತ್ತಿ ಒಳಗೆ ಖಾಲಿ ಬಿಟ್ಟಿದ್ದಾರೆ. ನಮ್ಮ ಕೇರಿ ಆ ಗೆರೆಯೊಳಗೂ ಇಲ್ಲ. ಎಪ್ಪತ್ತು ಮನೆ ಇರೋ ಜಾಗ ನಕ್ಷೇಲಿ ಬೋಳು ಗೋಮಾಳ. "ಸರ್ವೆ ಆದಾಗ ನಿಮ್ಮ ಕೇರಿ ಇತ್ತೋ ಇಲ್ವೋ" ಅಂತಾರೆ. ಊರಿನ ಸತ್ತ ದನ ಎಳೆಯೋಕೆ, ತಮಟೆ ಬಡಿಯೋಕೆ ಅವತ್ತು ಜನ ಆಕಾಶದಿಂದ ಇಳೀತಿದ್ರಾ?

ಹೊಟ್ಟೆ ಉರಿಯೋ ವಿಷಯ ಇನ್ನೊಂದಿದೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಹೊಲೆಯರ ಬಗ್ಗೆ ಬರೆದಿರೋ ಕಡೆ ನೋಡಿ. ಎರಡು ಊರಿನ ಗಡಿ ಜಗಳ ಬಂದ್ರೆ ಕೊನೆ ಮಾತು ಕುಳವಾಡಿಯದ್ದು. ಊರ ಮಣ್ಣಿನ ಉಂಡೆ ಮಾಡಿ, ನಡುವೆ ನೀರಿಟ್ಟು, ಅದನ್ನ ಹೊತ್ತು ಅವನು ಗಡಿ ನಡೀಬೇಕು. ಅವನು ನಡೆದದ್ದೇ ಗಡಿ. ಹೆಜ್ಜೆ ತಪ್ಪಿದ್ರೆ ಉಂಡೆ ಒಡೆಯುತ್ತೆ, ಹದಿನೈದು ದಿನದಲ್ಲಿ ಕುಳವಾಡಿ ಸಾಯ್ತಾನೆ, ಮನೆ ಹಾಳಾಗುತ್ತೆ ಅಂತ ನಂಬಿಕೆ. ನಮ್ಮಲ್ಲೇ ಕೆಲವರು ಇದನ್ನ ಹಂಚಿಕೊಂಡು "ನಮ್ಮ ಪರಂಪರೆ" ಅಂತ ಬೀಗ್ತಾರೆ. ನಂಗೆ ಬೀಗೋಕೆ ಏನೂ ಕಾಣಲ್ಲ. ಗಡಿ ತಪ್ಪಿದ್ರೆ ಸಾಯೋದು ಕುಳವಾಡಿ, ಸರಿಯಾದ್ರೆ ಜಮೀನು ಇನ್ಯಾರಿಗೋ. ಆದ್ರೆ ಒಂದಂತೂ ಗೊತ್ತಾಗುತ್ತೆ. ಕಾಗದದ ನಕ್ಷೆ ಬರೋಕೆ ಮುಂಚೆ ಊರಿನ ನಕ್ಷೆ ಇದ್ದದ್ದು ನಮ್ಮ ಕಾಲಲ್ಲಿ. ಸರ್ವೆಯವರು ಬಂದಾಗ ಬಾಂದುಕಲ್ಲು ಹುಡುಕಿಕೊಟ್ಟವನು ತೋಟಿ ಕೆಲಸದ ನಮ್ಮ ತಾತ. ಸರಪಳಿಯ ಒಂದು ತುದಿ ಅವನ ಕೈಯಲ್ಲೇ ಇತ್ತು. ಸಂಜೆ ಅವನು ವಾಪಸ್ ಬಂದ ಕೇರಿ ಮಾತ್ರ ನಕ್ಷೇಲಿಲ್ಲ.

ಕೆಲವು ಗೆಳೆಯರು "ನಕ್ಷೆ ಅನ್ನೋದೇ ಒಡೆಯರ ಆಯುಧ, ಅದನ್ನ ಯಾಕೆ ನಂಬ್ತೀಯ" ಅಂತಾರೆ. ನಾನು ಒಪ್ಪಲ್ಲ. ನಮ್ಮವರು ಎಷ್ಟು ಜನ ಕೋರ್ಟಲ್ಲಿ ಸೋತಿರೋದು ಒಂದು ಸ್ಕೆಚ್ ಇಲ್ಲದೆ ಅಂತ ಗೊತ್ತಾ? ಸರ್ಕಾರ ಮಂಜೂರು ಮಾಡಿದ ಜಮೀನು ಪರಭಾರೆ ಆಗಬಾರದು ಅಂತ 1978ರ ಪಿಟಿಸಿಎಲ್ ಕಾಯ್ದೆ ಇದೆ. ಒಳ್ಳೇದು. ಆದ್ರೆ ಒಂದೇ ಸರ್ವೆ ನಂಬರಲ್ಲಿ ಇಪ್ಪತ್ತು ಜನಕ್ಕೆ ಎರಡೆರಡು ಎಕರೆ ಕೊಟ್ಟು, ಪೋಡಿ ಮಾಡದೆ ಬಿಟ್ರೆ? ಪಹಣೀಲಿ ಹೆಸರಿರುತ್ತೆ, ನೆಲ ಎಲ್ಲಿ ಅಂತ ಕೇಳಿದ್ರೆ ತೋರಿಸೋಕೆ ಗೆರೆ ಇರಲ್ಲ. ಪಕ್ಕದವನು ವರ್ಷಕ್ಕೆ ಎರಡು ಸಾಲು ಒಳಗೆ ಉಳ್ತಾ ಬರ್ತಾನೆ. ಒತ್ತುವರಿ ಅಂತ ಸಾಬೀತು ಮಾಡೋಕೆ ಮೊದಲು ಹದ್ದು ಬೇಕಲ್ಲ! ಸ್ಮಶಾನದ ವಿಷಯವೂ ಅಷ್ಟೇ. ಭೂಕಂದಾಯ ನಿಯಮಗಳ ಪ್ರಕಾರ ರಸ್ತೆ, ಸ್ಮಶಾನಕ್ಕೆ ಬಳಕೆಯಾಗೋ ಜಾಗ ಬಿ ಖರಾಬು, ಸಾರ್ವಜನಿಕರದ್ದು. ಎ ಖರಾಬು ಆದ್ರೆ ಸಾಗುವಳಿಗೆ ಬಾರದ ಜಾಗ, ಜಮೀನಿನವನ ಕಣ, ಕೊಟ್ಟಿಗೆ ಇಂಥದ್ದು. ಎ, ಬಿ ಅನ್ನೋ ಒಂದಕ್ಷರದ ಮೇಲೆ ನಮ್ಮ ಹೆಣಗಳ ದಾರಿ ನಿಂತಿದೆ. ಓದೋಕೆ ಬರದಿದ್ರೆ ಅವರು ಓದಿ ಹೇಳಿದ್ದನ್ನೇ ನಂಬಬೇಕು.

ಈಗ ಡ್ರೋನ್ ಬಂದಿದೆ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ, ಗ್ರಾಮಠಾಣದೊಳಗೆ ಹಿಂದೆ ಖಾಲಿ ಬಿಟ್ಟಿದ್ದ ಜಾಗವನ್ನ ಮೇಲಿಂದ ಅಳೆದು ಮನೆಮನೆಗೆ ಆಸ್ತಿ ಕಾರ್ಡ್ ಕೊಡ್ತಾರೆ. ಡ್ರೋನ್ ಹಾರೋಕೆ ಮುಂಚೆ ಆಸ್ತಿಯ ಹದ್ದಿಗೆ ನೆಲದ ಮೇಲೆ ಸುಣ್ಣದ ಗೆರೆ ಹಾಕ್ತಾರೆ. ಡ್ರೋನಿಗೆ ಜಾತಿ ಇಲ್ಲ ಅಂತ ಭಾಷಣ ಮಾಡ್ತಾರಲ್ಲ, ಡ್ರೋನಿಗೆ ಇಲ್ಲ ಸ್ವಾಮಿ, ಸುಣ್ಣದ ಡಬ್ಬಿ ಹಿಡಿದವನಿಗೆ ಇದೆ. ಅವನು ಕೇರಿಗೆ ಬಂದನಾ, ಹಿತ್ತಲು ಸೇರಿಸಿ ಗೆರೆ ಎಳೆದನಾ, ಗ್ರಾಮಠಾಣದ ಗಡಿಯಲ್ಲೇ ನಿಂತು ವಾಪಸ್ ಹೋದನಾ? ನಿಮ್ಮ ನಿಮ್ಮ ಊರಲ್ಲಿ ಇದನ್ನ ನೋಡಿ ಬರೀರಿ.

ನಕ್ಷೆ ನಮ್ಮ ಕೈಗೆ ಬಂದ್ರೆ ಏನಾಗುತ್ತೆ ಅನ್ನೋದಕ್ಕೆ ದೂರದ ಒಂದು ನಿಜವಾದ ಕತೆ. ಅಮೆರಿಕದ ಒಹಾಯೋ ರಾಜ್ಯದ ಜೇನ್ಸ್‌ವಿಲ್ ನಗರದ ಅಂಚಲ್ಲಿ ಕೋಲ್ ರನ್ ಅಂತ ಕರಿಯರ ಕೇರಿ. ಐವತ್ತು ವರ್ಷ ಅವರಿಗೆ ನಲ್ಲಿ ನೀರಿಲ್ಲ. ಮಳೆನೀರು ಹಿಡಿದು, ದೂರದಿಂದ ಹೊತ್ತು ತಂದು ಬದುಕ್ತಿದ್ರು. ಜಾತಿ ಕಾರಣ ಅಲ್ಲ, ಜನಾಂಗ ಕಾರಣ ಅಲ್ಲ ಅನ್ನೋದು ಅಲ್ಲಿನ ಆಡಳಿತದ ವಾದ. ಇಲ್ಲಿ ಕೇಳಿದ ಹಾಗೇ ಇದೆ ಅಲ್ವಾ? ಅವರ ಪರ ಇದ್ದವರು ನಕ್ಷೆ ಮಾಡಿದ್ರು. ಒಂದು ಪದರದಲ್ಲಿ ನೀರಿನ ಪೈಪು, ಇನ್ನೊಂದರಲ್ಲಿ ಮನೆಗಳು, ಮತ್ತೊಂದರಲ್ಲಿ ಯಾವ ಮನೇಲಿ ಬಿಳಿಯರು, ಯಾವುದರಲ್ಲಿ ಕರಿಯರು. ಮೂರನ್ನೂ ಒಂದರ ಮೇಲೊಂದು ಇಟ್ಟರೆ ಪೈಪು ಎಲ್ಲಿ ನಿಂತಿದೆ, ಯಾಕೆ ನಿಂತಿದೆ ಅಂತ ಬಾಯಿಬಿಟ್ಟು ಹೇಳೋದೇ ಬೇಕಿರಲಿಲ್ಲ. 2008ರ ಜುಲೈನಲ್ಲಿ ಜ್ಯೂರಿ ಅವರಿಗೆ ಸುಮಾರು 1.1 ಕೋಟಿ ಡಾಲರ್ ಪರಿಹಾರ ಕೊಡಿಸ್ತು.

ನಮಗೂ ಅದೇ ಬೇಕು. ಬರೋ ಭಾನುವಾರ ಬೆಳಿಗ್ಗೆ ಏಳಕ್ಕೆ ನಮ್ಮ ಕೇರಿಯ ಅಂಬೇಡ್ಕರ್ ಭವನದ ಮುಂದೆ ಸೇರ್ತಿದ್ದೀವಿ. ಕಂದಾಯ ಇಲಾಖೆಯ ಜಾಲತಾಣದಲ್ಲಿ ಹಳ್ಳಿ ನಕ್ಷೆ ಪುಕ್ಕಟೆ ಸಿಗುತ್ತೆ, ಡೌನ್‌ಲೋಡ್ ಮಾಡಿ ದೊಡ್ಡದಾಗಿ ಪ್ರಿಂಟ್ ತೆಗೆಸಿದ್ದೀನಿ. ಅದರ ಮೇಲೆ ಎಪ್ಪತ್ತು ಮನೆ, ನೀರು ಬರದ ನಲ್ಲಿ, ಊರ ಚರಂಡಿ ಬಂದು ಕೇರಿಗೆ ಬೀಳೋ ಜಾಗ, ಸ್ಮಶಾನ, ದಾರಿ ಎಲ್ಲಾನೂ ನಾವೇ ಬರೀತೀವಿ. ಹಿರಿಯರ ಸಹಿ, ಹೆಬ್ಬೆಟ್ಟು ಹಾಕಿಸಿ ಗ್ರಾಮಸಭೆಗೆ, ತಹಶೀಲ್ದಾರರಿಗೆ ಒಂದೊಂದು ಪ್ರತಿ ಕೊಡ್ತೀವಿ. ಸ್ಮಶಾನದಲ್ಲಿ ಯಾರನ್ನ ಎಲ್ಲಿ ಮಣ್ಣು ಮಾಡಿದ್ದು ಅಂತ ದೊಡ್ಡಪ್ಪನ ಅಕ್ಕ, ನಮ್ಮ ದೊಡ್ಡತ್ತೆಗೆ ಇನ್ನೂ ನೆನಪಿದೆ. ಅವರೇ ಮುಂದೆ ನಡೀತಾರೆ. ನೂರಡಿ ಟೇಪು ಇರೋರು ತನ್ನಿ, ಒಂದೇ ಇದೆ ನಮ್ಮಲ್ಲಿ. ಫೋನ್ ಚಾರ್ಜ್ ಮಾಡ್ಕೊಂಡು ಬನ್ನಿ. ತಂತಿ ಇನ್ನೂ ತೆಗೆದಿಲ್ಲ, ಗಟ್ಟಿ ಚಪ್ಪಲಿ ಹಾಕ್ಕೊಳ್ಳಿ.