ಗುಮಾಸ್ತನ ಕಡತದಿಂದ: ಒಂದೇ ಬೀಗದ ಮನೆ

ಕಳೆದ ಸಂಚಿಕೆಯಲ್ಲಿ ದೆಹಲಿಯ ಚಳಿಗೆ ಹುಳಿ ಬಾರದ ದೋಸೆಹಿಟ್ಟಿನ ಗೋಳನ್ನು ತೋಡಿಕೊಂಡಿದ್ದೆ. ಈ ಸಲದ ವಿಷಯ ಹಿಟ್ಟಿಗಿಂತ ಭಾರವಾದದ್ದು: ಸಂಸ್ಥೆಯೊಂದರ ಕಂಪ್ಯೂಟರ್ ಜಾಲಕ್ಕೆ ಭದ್ರತೆ ಹೇಗೆ ಏರ್ಪಡಿಸಬೇಕೆಂಬುದು. ಇದನ್ನು ಕೇಳಿ ಯಾರೂ ಪುಟ ತಿರುವಬಾರದಾಗಿ ಪ್ರಾರ್ಥನೆ. ಇದು ನಮ್ಮ ನಿಮ್ಮ ಮನೆಯ ಮಕ್ಕಳ ಜಾತಕಕ್ಕೆ ಸಂಬಂಧಪಟ್ಟ ಮಾತು.

ನಡೆದದ್ದು ಇಷ್ಟು. ನಮ್ಮ ಸಂಘದಲ್ಲಿ ವಧೂವರರ ರಿಜಿಸ್ಟರು ಒಂದಿದೆಯಷ್ಟೆ. ಹಿಂದೆ ಅದು ಕೆಂಪು ರಟ್ಟಿನ ಪುಸ್ತಕವಾಗಿ ಕಾರ್ಯದರ್ಶಿಗಳ ಬೀರುವಿನಲ್ಲಿರುತ್ತಿತ್ತು. ಈಗ ಆಫೀಸಿನ ಕಂಪ್ಯೂಟರನ್ನು ಸೇರಿದೆ. ನಿವೃತ್ತ ಉಪಾಧ್ಯಾಯಿನಿಯೊಬ್ಬರು, ನಾವೆಲ್ಲ ಟೀಚರಮ್ಮ ಎಂದು ಕರೆಯುವವರು, ತಮ್ಮ ಮಗಳ ಹೆಸರನ್ನು ಅದರಲ್ಲಿ ಬರೆಸಿದ್ದರು. ಒಂದು ದಿನ ಅವರಿಗೆ ಫೋನು ಬಂತು. ಸಂಘದಿಂದ ಮಾತನಾಡುತ್ತಿದ್ದೇನೆಂದು ಅಚ್ಚ ಕನ್ನಡದಲ್ಲಿ ಹೇಳಿದ. ಹುಡುಗಿಯ ನಕ್ಷತ್ರ, ಓದು, ಉದ್ಯೋಗ, ಸಂಬಳ ಎಲ್ಲವನ್ನೂ ತಪ್ಪಿಲ್ಲದೆ ಒಪ್ಪಿಸಿದ. ಬೆಂಗಳೂರಿನ ಒಳ್ಳೆಯ ಕಡೆಯ ಸಂಬಂಧವಿದೆ, ವಿಚಾರಣೆಯ ಖರ್ಚಿಗೆ ೧೮,೦೦೦ ರೂಪಾಯಿ ಕಳುಹಿಸಿ ಎಂದ. ಅವರು ಕಳುಹಿಸಿದರು. ಆಮೇಲೆ ಆ ನಂಬರು ಮೂಕವಾಯಿತು. ನಾಚಿಕೆಯಿಂದ ಐದು ದಿನ ಯಾರಿಗೂ ಹೇಳದೆ ಇದ್ದು, ಆರನೆಯ ದಿನ ಸಂಘಕ್ಕೆ ಬಂದು ಕುಳಿತರು. "ದುಡ್ಡು ಹೋದದ್ದು ಹೋಯಿತು. ನಮ್ಮವರ ಹೆಸರು ಹೇಳಿದನಲ್ಲ ಅಂತ ನಂಬಿಬಿಟ್ಟೆನಪ್ಪ" ಎಂದರು.

ತುರ್ತು ಸಭೆ ಸೇರಿತು. ಒಂದು ಅಂಗಡಿಯ ಪ್ರತಿನಿಧಿ ಆಗಲೇ ದರಪಟ್ಟಿ ಹಿಡಿದು ಬಂದಿದ್ದ. ಫೈರ್‌ವಾಲ್ ಎಂಬ ಪೆಟ್ಟಿಗೆಯೊಂದನ್ನು ಕೊಂಡರೆ ನೊಣವೂ ಒಳಗೆ ಬಾರದೆಂದು ಅವನ ಭರವಸೆ. ಅಧ್ಯಕ್ಷರಾದ ರಾಯರು ನನ್ನ ಕಡೆ ತಿರುಗಿ, "ಏನಯ್ಯಾ, ಬಾಗಿಲಿಗೆ ಒಂದು ಗಟ್ಟಿ ಬೀಗ ಜಡಿದರೆ ಸಾಲದೆ? ನೀನು ಸರ್ಕಾರಿ ಆಫೀಸಿನವನು, ಕಡತ ಕಾಯುವುದು ಗೊತ್ತು. ಹದಿನೈದು ದಿನದಲ್ಲಿ ನೋಡಿ ಹೇಳು" ಎಂದರು. ನಾನು ಬಿ.ಎ. ಓದಿದ ಗುಮಾಸ್ತ. ಬಲ್ಲವರನ್ನು ಕೇಳುತ್ತ, ಸಂಜೆಯ ಹೊತ್ತು ಓದುತ್ತ, ತಿಳಿದಷ್ಟನ್ನು ಗುರುತು ಹಾಕಿಕೊಂಡೆ.

ಮೊದಲು ಕಲಿತ ಪಾಠ, ಕೊಳ್ಳುವ ಮುನ್ನ ಪಟ್ಟಿ ಮಾಡು ಎಂಬುದು. ಏನು ಇದೆಯೆಂದು ತಿಳಿಯದವನು ಏನನ್ನು ಕಾಯಬಲ್ಲ? ಲೆಕ್ಕ ಹಾಕಿದೆ: ಮೂರು ಕಂಪ್ಯೂಟರು, ಒಂದು ಮುದ್ರಣಯಂತ್ರ, ಸಭಾಂಗಣದ ನಾಲ್ಕು ಕ್ಯಾಮರಾ, ಇವನ್ನೆಲ್ಲ ಹೆಣೆಯುವ ಒಂದು ರೂಟರು. ಸಾಲದುದಕ್ಕೆ, ಹಬ್ಬದ ದಿನ ವೈಫೈ ಬಳಸುವ ನೂರಾರು ಮೊಬೈಲು. ಇವೆಲ್ಲವೂ ಇದ್ದದ್ದು ಒಂದೇ ಜಾಲದಲ್ಲಿ. ಸಭಾಂಗಣದಲ್ಲಿ ಕುಳಿತು ಪುಳಿಯೋಗರೆ ತಿನ್ನುತ್ತಿರುವವನ ಫೋನಿನಿಂದ ವಧೂವರರ ರಿಜಿಸ್ಟರಿನವರೆಗೆ ನಡುವೆ ಒಂದು ಹೊಸ್ತಿಲೂ ಇರಲಿಲ್ಲ. ಕಂಪ್ಯೂಟರಿಗೂ ವೈಫೈಗೂ ಒಂದೇ ಪಾಸ್‌ವರ್ಡು. ಅದನ್ನು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿತ್ತು. ಅಂಟಿಸಿದವನು ಯಾರೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಊರಿನ ತೊಟ್ಟಿಮನೆಯನ್ನು ನೆನೆಯಿರಿ. ಜಗುಲಿಯ ಮೇಲೆ ದಾರಿಹೋಕನೂ ಕೂರಬಹುದು. ಪಡಸಾಲೆಗೆ ಪರಿಚಯಸ್ಥರು ಬರುತ್ತಾರೆ, ಅಡಿಗೆಮನೆಗೆ ಮನೆಯವರು. ಪತ್ರ, ಒಡವೆ ಇಟ್ಟ ಉಗ್ರಾಣದ ಬೀಗದಕೈ ಅಜ್ಜಿಯ ಸೊಂಟದಲ್ಲಿ. ಜಗುಲಿಗೆ ಕಳ್ಳ ಬಂದರೆ ಹೋಗುವುದು ಚಾಪೆಯಷ್ಟೆ. ನಾವಾದರೋ ಒಳಗೋಡೆಗಳನ್ನೆಲ್ಲ ಕೆಡವಿ, ಬೀದಿಬಾಗಿಲಿಗೆ ಮಾತ್ರ ದೊಡ್ಡ ಬೀಗ ಹುಡುಕುತ್ತಿದ್ದೆವು.

ಇದು ಸಣ್ಣ ಸಂಘಗಳ ತಪ್ಪು ಮಾತ್ರವಲ್ಲ. ನಮ್ಮ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ೨೦೨೨ರ ನವೆಂಬರ್ ೨೩ರಂದು ಏನಾಯಿತೆಂಬುದು ಹಲವರಿಗೆ ನೆನಪಿರಬಹುದು. ದುಷ್ಟರು ಸರ್ವರುಗಳಿಗೆ ನುಗ್ಗಿ ದಾಖಲೆಗಳನ್ನು ಗೂಢಲಿಪಿಯಲ್ಲಿ ಬಂಧಿಸಿಟ್ಟರು. ನೋಂದಣಿ, ರಕ್ತಪರೀಕ್ಷೆಯ ವರದಿ ಎಲ್ಲವೂ ದಿನಗಟ್ಟಲೆ ಮತ್ತೆ ಕಾಗದ ಪೆನ್ನಿಗೆ ಇಳಿದವು. ಜಾಲವನ್ನು ಸರಿಯಾಗಿ ವಿಭಾಗಿಸದೆ ಇದ್ದದ್ದರಿಂದ ಇದು ಸಾಧ್ಯವಾಯಿತೆಂದು ಸರ್ಕಾರವೇ ಆಮೇಲೆ ಸಂಸತ್ತಿಗೆ ಉತ್ತರ ಕೊಟ್ಟಿತು. ಅಷ್ಟು ದೊಡ್ಡ ಸಂಸ್ಥೆಯಲ್ಲೂ ಕೊರತೆಯಾದದ್ದು ಒಳಗೋಡೆಯೇ. ಆದರೆ ಸಂಸತ್ತಿಗೆ ಸರ್ಕಾರ ಕೊಟ್ಟ ಉತ್ತರಗಳಲ್ಲಿ ಸಮಾಧಾನದ ಮಾತೂ ಇತ್ತು. ಆಸ್ಪತ್ರೆಯ ದಾಖಲೆಗಳ ಪ್ರತಿಯಿದ್ದ ಬೇರೊಂದು ಸರ್ವರಿಗೆ ಧಕ್ಕೆಯಾಗಿರಲಿಲ್ಲ. ಅದರಿಂದ ಎಲ್ಲವನ್ನೂ ಮರಳಿ ಪಡೆದರು. ರೈತ ಎಷ್ಟೇ ಬರ ಬಂದರೂ ಬಿತ್ತನೆಬೀಜವನ್ನು ಕಣಜದಿಂದ ಬೇರೆಯಾಗಿಯೇ ಇಡುತ್ತಾನಲ್ಲವೆ? ಇದೂ ಹಾಗೆಯೇ.

ಈ ಎರಡು ಮಾತನ್ನು ಆಧಾರವಾಗಿಟ್ಟುಕೊಂಡು ಯೋಜನೆ ಬರೆದೆವು. ಬೇರೆ ಊರಿನ ಸಂಘಗಳವರಿಗೂ ಉಪಯೋಗವಾದೀತೆಂದು ಸಾರಾಂಶವನ್ನು ಕೊಡುತ್ತೇನೆ.

ಒಂದು, ಗೋಡೆಗಳು. ಅತಿಥಿಗಳ ವೈಫೈ ಬೇರೆ, ಕ್ಯಾಮರಾಗಳು ಬೇರೆ, ಲೆಕ್ಕಪತ್ರ ಮತ್ತು ರಿಜಿಸ್ಟರಿನ ಯಂತ್ರ ಬೇರೆ. ಇದಕ್ಕೆ ಅಂಗಡಿಯವನ ಪೆಟ್ಟಿಗೆಗಳಲ್ಲಿ ಚಿಕ್ಕದೊಂದು ಬೇಕೇ ಆಯಿತು. ಆದರೆ ಅದು ಈಗ ಬೀದಿಬಾಗಿಲನ್ನು ಮಾತ್ರವಲ್ಲ, ಕೋಣೆ ಕೋಣೆಗಳ ನಡುವಿನ ಬಾಗಿಲನ್ನೂ ಕಾಯುತ್ತದೆ. ಅದಕ್ಕೆ ಕೊಟ್ಟ ಅಪ್ಪಣೆ ಒಂದೇ: ಹೆಸರಿಸಿದವರನ್ನು ಬಿಡು, ಮಿಕ್ಕ ಯಾರನ್ನೂ ಬಿಡಬೇಡ.

ಎರಡು, ಬೀಗದಕೈಗಳು. ಪ್ರತಿಯೊಬ್ಬರಿಗೂ ತಮ್ಮದೇ ಹೆಸರು, ತಮ್ಮದೇ ಪಾಸ್‌ವರ್ಡು. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ. ಗ್ರಂಥಾಲಯ ನೋಡಿಕೊಳ್ಳುವವರಿಗೆ ಜಾತಕದ ಹಂಗೇಕೆ? ರಾಯರಿಗೆ ಇದು ರುಚಿಸಲಿಲ್ಲ. "ಅಧ್ಯಕ್ಷನಿಗೂ ಬಾಗಿಲು ಹಾಕುತ್ತೀಯೇನಯ್ಯಾ?" ಎಂದರು. "ತಮ್ಮ ಪಾಸ್‌ವರ್ಡನ್ನು ಯಾರಾದರೂ ಕದ್ದರೆ, ತಮಗೆ ಎಲ್ಲಿಗೆ ಪ್ರವೇಶವಿದೆಯೋ ಅವನಿಗೂ ಅಲ್ಲಿಗೆ ಪ್ರವೇಶ, ರಾಯರೆ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಕು" ಎಂದರು. ಬ್ಯಾಂಕಿನ ಲಾಕರು ತೆರೆಯಲು ಅವರದೊಂದು, ನಮ್ಮದೊಂದು ಕೀಲಿ ಬೇಕಾಗುವಂತೆ, ರಿಜಿಸ್ಟರು ತೆರೆಯಲು ಪಾಸ್‌ವರ್ಡಿನ ಜೊತೆಗೆ ಫೋನಿನಲ್ಲಿ ಆ ಗಳಿಗೆಗೆ ಹುಟ್ಟುವ ಸಂಖ್ಯೆಯನ್ನೂ ಕೊಡಬೇಕು.

ಮೂರು, ದಾಖಲೆ. ನಮ್ಮ ಆಫೀಸಿನಲ್ಲಿ ಕಡತ ಮೇಜಿನಿಂದ ಮೇಜಿಗೆ ಹೋದರೆ ವಹಿಯಲ್ಲಿ ಸಹಿ ಬೀಳುತ್ತದೆ. ಇಲ್ಲಿ ಎಲ್ಲರೂ ಒಂದೇ ಹೆಸರಿನಿಂದ ಒಳಹೋಗುತ್ತಿದ್ದುದರಿಂದ, ಟೀಚರಮ್ಮನವರ ವಿವರ ಯಾವಾಗ, ಯಾರಿಂದ ಹೊರಬಿತ್ತೆಂಬುದು ಪತ್ತೆಯಾಗಲೇ ಇಲ್ಲ. ಕಳ್ಳ ತಪ್ಪಿಸಿಕೊಂಡ. ಅದಕ್ಕಿಂತ ಕೆಟ್ಟದ್ದೆಂದರೆ, ನಿರಪರಾಧಿಗಳಾದ ನಾಲ್ವರ ಮೇಲೆ ಕೆಲವು ದಿನ ಸಂಶಯ ಕವಿದಿತ್ತು. ಈಗ ಯಾರು ಯಾವಾಗ ಏನನ್ನು ತೆರೆದರೆಂಬುದು ತಾನಾಗಿ ಬರೆದುಕೊಳ್ಳುತ್ತದೆ.

ನಾಲ್ಕು, ದುರಸ್ತಿ. ೨೦೧೭ರ ಮೇ ೧೨ರಂದು ವನ್ನಾಕ್ರೈ ಎಂಬ ಪಿಡುಗು ಜಗತ್ತಿನಾದ್ಯಂತ ಕಂಪ್ಯೂಟರುಗಳನ್ನು ಕಟ್ಟಿಹಾಕಿತು. ಬ್ರಿಟನ್ನಿನ ಆಸ್ಪತ್ರೆಗಳೂ ತತ್ತರಿಸಿದವು. ಸ್ವಾರಸ್ಯವೆಂದರೆ ಅದಕ್ಕೆ ಮದ್ದನ್ನು ಮೈಕ್ರೋಸಾಫ್ಟಿನವರು ಮಾರ್ಚಿಯಲ್ಲೇ ಹಂಚಿದ್ದರು. ಕುಡಿಸದೆ ಇಟ್ಟ ಕಷಾಯದಿಂದ ಜ್ವರ ಇಳಿದೀತೆ? ತಿಂಗಳ ಮೊದಲ ಭಾನುವಾರ ಎಲ್ಲ ಯಂತ್ರಗಳನ್ನೂ ಪರಿಷ್ಕರಿಸುವುದೆಂದು ನಿಶ್ಚಯಿಸಿದ್ದೇವೆ. ಅವಸರದ ಮದ್ದು ಬಂದರೆ ಭಾನುವಾರಕ್ಕೆ ಕಾಯುವಂತಿಲ್ಲ.

ಐದು, ಬಿತ್ತನೆಬೀಜ. ಮುಖ್ಯ ಕಡತಗಳ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಸಂಘದಿಂದ ಹೊರಗೆ. ಹೊರಗಿನ ಪ್ರತಿ ಬೀಗದೊಳಗೆ, ಜಾಲದ ಸಂಪರ್ಕವಿಲ್ಲದೆ ಇರಬೇಕು. ಮೂರು ತಿಂಗಳಿಗೊಮ್ಮೆ ಅದರಿಂದ ಕಡತವನ್ನು ಮರಳಿ ತೆಗೆದು ನೋಡಬೇಕು. ಮೊಳೆಯದ ಬೀಜವನ್ನು ಜೋಪಾನ ಮಾಡಿ ಫಲವಿಲ್ಲ.

ಆರು, ಕೆಟ್ಟ ದಿನದ ಕೈಪಿಡಿ. ಯಂತ್ರ ವಿಚಿತ್ರವಾಗಿ ವರ್ತಿಸಿದರೆ ಮೊದಲು ಜಾಲದ ತಂತಿ ಕೀಳುವವರು ಯಾರು, ಯಾರಿಗೆ ತಿಳಿಸಬೇಕು ಎಂಬುದನ್ನು ಕಾಗದದ ಮೇಲೆ ಬರೆದಿಟ್ಟಿದ್ದೇವೆ. ಕಂಪ್ಯೂಟರಿನಲ್ಲೇ ಇಟ್ಟರೆ ಅಂದು ಅದೂ ತೆರೆಯದು.

ಇಷ್ಟಾದರೂ ಫೋನಿನಲ್ಲಿ ಬರುವ ಸವಿಮಾತನ್ನು ಯಾವ ಪೆಟ್ಟಿಗೆಯೂ ತಡೆಯಲಾರದು. ಆದ್ದರಿಂದ ಮನೆಮನೆಯಲ್ಲೂ ಹೇಳಿಡಿ: ಸಂಘ ಎಂದೂ ಫೋನಿನಲ್ಲಿ ಹಣ ಕೇಳುವುದಿಲ್ಲ. ಯಾರಾದರೂ ಮೋಸಹೋದರೆ ನಾಚಿಕೆಪಡದೆ ಕೂಡಲೇ ೧೯೩೦ಕ್ಕೆ ಫೋನು ಮಾಡಿ. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟುತ್ತದೆ.

ಇನ್ನು ಆ ಗೋಡೆಯ ಚೀಟಿ. ಹಿಂದಿನ ರಾಜ್ಯೋತ್ಸವದಂದು ಜನ ಪದೇಪದೇ ಕೇಳುತ್ತಾರೆಂದು ಅದನ್ನು ಬರೆದು ಅಂಟಿಸಿದವನು ನಾನೇ. ಕಳ್ಳ ಆ ದಾರಿಯಿಂದಲೇ ಬಂದನೆಂದು ಹೇಳಲಾರೆ, ಬರಲಿಲ್ಲವೆಂದೂ ಹೇಳಲಾರೆ. ಸಭೆಯಲ್ಲಿ ಇದನ್ನು ಒಪ್ಪಿಕೊಂಡು, ಆ ಸಂಜೆಯೇ ಟೀಚರಮ್ಮನವರ ಮನೆಗೆ ಹೋದೆ. ಕಾಫಿ ಕೊಟ್ಟರು. ನಾನು ಹೇಳಿದ್ದನ್ನೆಲ್ಲ ಕೇಳಿ, ತುಸು ಹೊತ್ತಿನ ಮೇಲೆ ಅಂದರು: "ಹೋಗಲಿ ಬಿಡಪ್ಪ. ಒಂದು ಕೇಳುತ್ತೇನೆ, ಸಂಬಂಧ ನೋಡುವುದಕ್ಕೆ ಹುಡುಗಿಯ ಸಂಬಳ ಯಾಕೆ ಬೇಕು? ಅರ್ಜಿಯಲ್ಲಿ ಕೇಳಿದ್ದಿರಿ, ಬರೆದೆ. ಕೇಳದೇ ಇದ್ದಿದ್ದರೆ ಅವನಿಗೆ ಸಿಗುತ್ತಲೇ ಇರಲಿಲ್ಲವಲ್ಲ?"

ಹದಿನೈದು ದಿನ ಓದಿದ ನನಗೆ ಇದು ಹೊಳೆದಿರಲಿಲ್ಲ. ಯೋಜನೆಯ ಮೊದಲ ಸಾಲಾಗಿ ಅದನ್ನೇ ಸೇರಿಸಿದೆ: ಬೇಡದ್ದನ್ನು ಕೇಳಬೇಡ, ಮುಗಿದದ್ದನ್ನು ಇಟ್ಟುಕೊಳ್ಳಬೇಡ. ಮದುವೆಯಾದವರ ವಿವರಗಳನ್ನೆಲ್ಲ ಅಳಿಸಿದ್ದೇವೆ. ಹೊಸ ಅರ್ಜಿಯಲ್ಲಿ ಸಂಬಳದ ಅಂಕಣವಿಲ್ಲ. ಟೀಚರಮ್ಮನವರು ಮಗಳ ಹೆಸರನ್ನು ಮತ್ತೆ ಬರೆಸಿದ್ದಾರೆ.