ಫಾರ್ವರ್ಡ್ ಒತ್ತುವ ಮೊದಲು ಸ್ವಲ್ಪ ಹಿಕ್ಮತ್

ಹಿಕ್ಮತ್ ಎಂಬ ಮಾತು ನಮ್ಮಲ್ಲಿ ಹಲವರ ಮನೆಯಲ್ಲಿದೆ. ಹಕೀಮ, ಹುಕುಂ ಎಂಬ ಪದಗಳು ಕನ್ನಡದಲ್ಲೂ ಬಳಕೆಯಲ್ಲಿವೆ. ಇವೆಲ್ಲ ಒಂದೇ ಅರಬಿ ಧಾತುವಿನಿಂದ ಬಂದವು. ಯಹೂದಿಗಳ ಹೀಬ್ರೂ ಭಾಷೆಯಲ್ಲಿ ವಿವೇಕಕ್ಕೆ ಹೊಖ್ಮಾ ಎನ್ನುತ್ತಾರೆ. ಅದೂ ಇದೇ ಬಳಗದ ಪದ.

ಆ ಹೊಖ್ಮಾದ ಮುಖ್ಯ ಗ್ರಂಥ ಕನ್ನಡ ಬೈಬಲಿನಲ್ಲಿ 'ಜ್ಞಾನೋಕ್ತಿಗಳು' ಎಂಬ ಹೆಸರಿನಲ್ಲಿದೆ. ಅದರ ಹೆಚ್ಚಿನ ಭಾಗವನ್ನು ಸಂಪ್ರದಾಯವು ಸೊಲೊಮೋನನದು, ಅಂದರೆ ನಮ್ಮ ಹಜರತ್ ಸುಲೈಮಾನ್ (ಅ.ಸ.) ಅವರದು ಎನ್ನುತ್ತದೆ. ತಂದೆ ಮಗನಿಗೆ ಬುದ್ಧಿ ಹೇಳುವ ರೀತಿಯಲ್ಲಿ ಅದು ಆರಂಭವಾಗುತ್ತದೆ. ಕುರ್‌ಆನಿನ 31ನೇ ಸೂರಾದಲ್ಲಿ ಲುಕ್ಮಾನರು ಮಗನಿಗೆ ಹೇಳುವುದೂ ಹೀಗೆಯೇ.

'ನಮ್ಮ ಗ್ರಂಥ ಇರುವಾಗ ಅದನ್ನೇಕೆ ಓದಬೇಕು?' ಎಂದು ಕೆಲವರು ಕೇಳಬಹುದು. ನಮ್ಮ ನಂಬಿಕೆಯನ್ನು ಬದಲಿಸಲು ಅಲ್ಲ. ರಾಮಮೂರ್ತಿ ನಗರದಲ್ಲಿ ಪಕ್ಕದ ಮನೆಯವರು ಓದುವ ಪುಸ್ತಕ ಏನು ಹೇಳುತ್ತದೆ ಎಂದು ತಿಳಿದರೆ, ಇಬ್ಬರಿಗೂ ಒಪ್ಪಿಗೆಯಾಗುವ ನೀತಿ ಎಷ್ಟಿದೆ ಎಂಬುದು ಕಾಣುತ್ತದೆ.

ಒಂದು ಉದಾಹರಣೆ ನೋಡಿ. 18ನೇ ಅಧ್ಯಾಯದ ಸಾರ ಇಷ್ಟು: ವ್ಯಾಜ್ಯದಲ್ಲಿ ಮೊದಲು ಮಾತಾಡಿದವನೇ ಸರಿ ಎನಿಸುತ್ತದೆ, ಎದುರಿನವನು ಬಂದು ಪ್ರಶ್ನೆ ಕೇಳುವವರೆಗೆ. 26ನೇ ಅಧ್ಯಾಯ ಇನ್ನೂ ಖಾರವಾಗಿದೆ. ನೆರೆಯವನಿಗೆ ಮೋಸ ಮಾಡಿ 'ತಮಾಷೆಗೆ ಮಾಡಿದೆ' ಎನ್ನುವವನನ್ನು ಬೆಂಕಿ ಎಸೆಯುವ ಹುಚ್ಚನಿಗೆ ಹೋಲಿಸುತ್ತದೆ. ಸೂರಾ ಹುಜುರಾತಿನ 6ನೇ ಆಯತ್ ಕೂಡ ನಂಬಲಾಗದವನು ಸುದ್ದಿ ತಂದರೆ ಪರಿಶೀಲಿಸಿ ಎಂದೇ ಹೇಳುತ್ತದೆ. ಇಲ್ಲವಾದರೆ ತಿಳಿಯದೆ ಇತರರಿಗೆ ಹಾನಿ ಮಾಡಿ ಪಶ್ಚಾತ್ತಾಪ ಪಡಬೇಕಾದೀತು.

ಇದು ಹಳೆಯ ಕಾಲದ ಮಾತಲ್ಲ. 2012ರ ಆಗಸ್ಟ್‌ನಲ್ಲಿ, ರಂಜಾನ್ ಮುಗಿದ ಮೇಲೆ ಈಶಾನ್ಯ ರಾಜ್ಯಗಳವರ ಮೇಲೆ ಹಲ್ಲೆ ನಡೆಯುತ್ತದೆ ಎಂಬ ವದಂತಿ ಎಸ್‌ಎಂಎಸ್ ಮೂಲಕ ಹರಡಿತು. ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಕೇಂದ್ರ ಸರ್ಕಾರ ಒಟ್ಟಾಗಿ ಕಳಿಸುವ ಎಸ್‌ಎಂಎಸ್‌ಗಳನ್ನು ದಿನಕ್ಕೆ 5ಕ್ಕೆ ಇಳಿಸಬೇಕಾಯಿತು. ಹೆದರಿ ಓಡಿದವರಿಗೂ ಅನ್ಯಾಯವಾಯಿತು, ನಮ್ಮ ಹಬ್ಬದ ಹೆಸರಿಗೂ ಮಸಿ ಹತ್ತಿತು. ಸಂದೇಶ ಕಳಿಸಿದವರಲ್ಲಿ ಹೆಚ್ಚಿನವರು 'ಎಚ್ಚರಿಸೋಣ' ಎಂದುಕೊಂಡೇ ಕಳಿಸಿರಬೇಕು.

ಈಗ ನಮ್ಮ ಕ್ಲಾಸ್ ಗ್ರೂಪ್‌ಗಳಿಗೆ ಬರೋಣ. ಈ ವರ್ಷ ಒಬ್ಬ ವಿದ್ಯಾರ್ಥಿನಿಯ ಬಗ್ಗೆ ಒಂದು ಸ್ಕ್ರೀನ್‌ಶಾಟ್ ಓಡಾಡಿತು. ಅದು ಸುಳ್ಳು ಎಂದು ಗೊತ್ತಾದಾಗ ಬಂದ ಉತ್ತರ, 'ಜೋಕ್ ಕಣ್ರೋ'. ಆಕೆ ನಾಲ್ಕು ದಿನ ತರಗತಿಗೆ ಬರಲಿಲ್ಲ. ಆಕೆಯನ್ನು ಮೊದಲು ಕೇಳಿದವರು ಯಾರೂ ಇರಲಿಲ್ಲ.

ಆದ್ದರಿಂದ ನನ್ನ ಸಲಹೆ ಇದು. ಯಾರ ಬಗ್ಗೆ ಸುದ್ದಿ ಬಂದಿದೆಯೋ ಅವರನ್ನೇ ಮೊದಲು ಕೇಳೋಣ. ಕೇಳಲು ಆಗದಿದ್ದರೆ ಕಳಿಸದಿರೋಣ. ಸುಳ್ಳು ಹೋಗಿದ್ದರೆ ಅದೇ ಗ್ರೂಪ್‌ನಲ್ಲಿ, ಎಲ್ಲರ ಎದುರೇ ತಿದ್ದೋಣ. ಕ್ಲಾಸ್ ಲೀಡರ್‌ಗಳು ಇದನ್ನು ಗ್ರೂಪ್ ನಿಯಮವಾಗಿ ಹಾಕಲಿ, ಉಪನ್ಯಾಸಕರೂ ತಮ್ಮ ಗ್ರೂಪ್‌ಗಳಲ್ಲಿ ಪಾಲಿಸಲಿ. ಕಟ್ಟಿಗೆ ಹಾಕುವವರಿಲ್ಲದಿದ್ದರೆ ಬೆಂಕಿ ತಾನಾಗಿಯೇ ಆರುತ್ತದೆ.